ಶಾಲೆಗೆ ಜೀವಂತ ಹದ್ದು, ಗೂಬೆ ತರುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಕುಂದಗೋಳದ ವಿಜ್ಞಾನ ಶಿಕ್ಷಕಿ:
ಎಲ್ಲರಿಗೂ ನಮಸ್ಕಾರ. ಕುಂದಗೋಳ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಏನು ಮಾಡೋಣ ಎಂದು ಯೋಚಿಸುತ್ತಿದ್ದಾಗ ಒಬ್ಬರು ಫೋನ್ ಮಾಡಿದರು. ಒಂದು ಹದ್ದು, ಒಂದು ಗಿಡುಗ, ಎರಡು ಗೂಬೆ ತರುತ್ತಾರಂತೆ. ಮುಕ್ಕಾಲು ಗಂಟೆ ಕಾರ್ಯಕ್ರಮ. ಮಕ್ಕಳು ಕೈಗವಸು ಹಾಕಿಕೊಂಡು ಹಕ್ಕಿಯನ್ನು ಮುಂಗೈ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳಬಹುದು. ತಲೆಗೆ ಮೂವತ್ತು ರೂಪಾಯಿ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಆಗಲೇ ಹೂಂ ಎಂದುಬಿಟ್ಟಿದ್ದಾರೆ.

ನನಗೂ ಆಸೆ ಇದೆ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾರಣ ಇದು. ಶಾಲೆಯ ಹಿಂದಿನ ಹುಣಸೆ ಮರದ ಪೊಟರೆಯಲ್ಲಿ ಹಾಲಕ್ಕಿ ಎಂಬ ಸಣ್ಣ ಗೂಬೆಯ ಜೋಡಿಯೊಂದು ವಾಸವಾಗಿತ್ತು. ಕಳೆದ ದೀಪಾವಳಿ ರಜೆಯ ನಂತರ ನಮ್ಮದೇ ಎಂಟನೆಯ ತರಗತಿಯ ಹುಡುಗನೊಬ್ಬ ಕಲ್ಲು ಹೊಡೆದು ಒಂದನ್ನು ಕೊಂದ. ಏಕೆ ಎಂದು ಕೇಳಿದೆ. "ಅದು ಕೂಗಿದರೆ ಮನೆಯಲ್ಲಿ ಸಾವಾಗುತ್ತದೆ ಟೀಚರ್" ಎಂದ. ಆ ವಾರ ಅವನ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಬೈಯಲು ನನಗೆ ಬಾಯಿ ಬರಲಿಲ್ಲ. ಗೂಬೆಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಈ ಭಯ ಹೋಗುತ್ತದೆಯೋ ಏನೋ ಎಂಬುದು ನನ್ನ ಆಸೆ. ಆದರೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಕೆಳಗೇರಿ ದಂಡೆ:
ಬೇಡ ಮೇಡಂ. ಆ ಹಕ್ಕಿಗಳು ಅವರ ಕೈಗೆ ಎಲ್ಲಿಂದ ಬಂದವು ಎಂದು ಮೊದಲು ಕೇಳಿ. ಉತ್ತರ ಬರುವುದಿಲ್ಲ.

ನವನಗರದ ನಿವಾಸಿ:
ಅಷ್ಟು ಬೇಗ ಬೇಡ ಎನ್ನಬೇಡಿ. ಆರು ವರ್ಷ ಇಂಗ್ಲೆಂಡಿನಲ್ಲಿದ್ದೆ. ಗ್ಲಾಸ್ಟರ್‌ಶೈರ್‌ನ ನ್ಯೂಯೆಂಟ್ ಎಂಬ ಸಣ್ಣ ಊರಿನಲ್ಲಿ ಬೇಟೆ ಹಕ್ಕಿಗಳದ್ದೇ ಒಂದು ಕೇಂದ್ರವಿದೆ. 1967ರಲ್ಲಿ ಶುರುವಾದದ್ದು. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಯಲಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. ಕಣಜಗೂಬೆಯೊಂದನ್ನು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಾರಿಸಿದರು. ಅದು ನಮ್ಮ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಾದುಹೋಯಿತು. ಗಾಳಿ ಕೂದಲಿಗೆ ತಗುಲಿತು, ಸದ್ದು ಮಾತ್ರ ಕೇಳಲಿಲ್ಲ. ಒಂದಿಷ್ಟೂ ಇಲ್ಲ. ರೆಕ್ಕೆಯ ಅಂಚಿನ ಗರಿಗೆ ಬಾಚಣಿಕೆಯಂತೆ ಹಲ್ಲುಗಳಿವೆ, ಅವು ಗಾಳಿಯನ್ನು ಸೀಳಿ ಸದ್ದನ್ನು ನುಂಗುತ್ತವೆ ಎಂದು ಆಮೇಲೆ ವಿವರಿಸಿದರು. ಆಗ ಮಗಳಿಗೆ ಏಳು ವರ್ಷ. ಈಗ ಹದಿನಾರು. ಇವತ್ತಿಗೂ ಆ ಕ್ಷಣವನ್ನು ಕೈಯಾಡಿಸಿ ತೋರಿಸುತ್ತಾಳೆ. ಪಠ್ಯಪುಸ್ತಕದ ಯಾವ ಚಿತ್ರಕ್ಕೆ ಆ ಶಕ್ತಿ ಇದೆ ಹೇಳಿ?

ಅಮೆರಿಕದ ಮಾತನ್ನೂ ಕೇಳಿ. ಡಿಡಿಟಿ ಎಂಬ ಕೀಟನಾಶಕದಿಂದ ಪೆರೆಗ್ರಿನ್ ಚಾಣ ಎಂಬ ಬೇಟೆ ಹಕ್ಕಿಯ ಮೊಟ್ಟೆಯ ಸಿಪ್ಪೆ ತೆಳುವಾಗಿ, ಕಾವು ಕೊಡುವಾಗಲೇ ಒಡೆದು, ಆ ಹಕ್ಕಿ ಇಲ್ಲವಾಗುವ ಹಂತಕ್ಕೆ ಬಂದಿತ್ತು. 1970ರಲ್ಲಿ ಚಾಣ ಸಾಕುವವರೇ ಸೇರಿ ಸಂಸ್ಥೆ ಕಟ್ಟಿಕೊಂಡು ಮರಿ ಮಾಡಿಸಿ ಬಿಟ್ಟರು. 1972ರಲ್ಲಿ ಡಿಡಿಟಿ ನಿಷೇಧವಾಯಿತು. 1999ರಲ್ಲಿ ಪೆರೆಗ್ರಿನ್ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಜನ ಬೆಂಬಲಿಸಿದ್ದು ಹಕ್ಕಿಯನ್ನು ಕಣ್ಣಾರೆ ಕಂಡದ್ದರಿಂದಲೂ ಹೌದು.

ಗದಗಿನ ಪಶುವೈದ್ಯ:
ನವನಗರದವರು ಕಂಡದ್ದು ನಿಜ. ಆದರೆ ಆ ಹಕ್ಕಿಯ ಹಿಂದೆ ಏನಿದೆ ಎಂಬುದನ್ನೂ ಹೇಳಬೇಕು. ಅಲ್ಲಿ ಹಾರಿಸುವ ಹಕ್ಕಿಗಳು ಸಾಮಾನ್ಯವಾಗಿ ಸೆರೆಯಲ್ಲೇ ಹುಟ್ಟಿದವು. ಇಲ್ಲವೇ ರೆಕ್ಕೆಯೋ ಕಣ್ಣೋ ಹೋಗಿ ಮತ್ತೆ ಕಾಡಿಗೆ ಬಿಡಲಾಗದವು. ಒಂದೊಂದನ್ನೂ ದಿನವೂ ತಕ್ಕಡಿಯಲ್ಲಿ ತೂಗುತ್ತಾರೆ. ಕೆಲವೇ ಗ್ರಾಂ ಏರುಪೇರಾದರೂ ಆ ದಿನ ಹಾರಿಸುವುದಿಲ್ಲ. ಹೊಟ್ಟೆ ತುಂಬಿದ್ದರೆ ಕರೆದರೆ ಬರುವುದಿಲ್ಲ, ಹಸಿವು ಮೀರಿದರೆ ಜೀವಕ್ಕೆ ಅಪಾಯ. ಕೂರುವ ಗೂಟಕ್ಕೆ ಹುಲ್ಲುಹಾಸಿನಂಥ ಮೆತ್ತನೆಯದನ್ನು ಸುತ್ತುತ್ತಾರೆ, ಇಲ್ಲದಿದ್ದರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ. ಹುಣ್ಣು ಎಲುಬಿಗೆ ಇಳಿದರೆ ಹಕ್ಕಿ ಉಳಿಯುವುದಿಲ್ಲ. ಇಷ್ಟೆಲ್ಲ ಮಾಡಿಯೂ ಪ್ರೇಕ್ಷಕರ ಕೈಗೆ ಹಕ್ಕಿ ಕೊಡಲು ಒಪ್ಪದ ಕೇಂದ್ರಗಳಿವೆ.

ಇಲ್ಲಿ ಮೂವತ್ತು ರೂಪಾಯಿಗೆ ಬರುವ ಗೂಬೆಯನ್ನು ಯಾರು ತೂಗಿದ್ದಾರೆ? ಇಂಥವರಿಂದ ವಶಪಡಿಸಿಕೊಂಡ ಹಕ್ಕಿಯೊಂದನ್ನು ನಾನು ಪರೀಕ್ಷಿಸಿದ್ದೇನೆ. ಎದೆಯ ನಡುವಿನ ಎಲುಬು ಚಾಕುವಿನ ಅಲಗಿನಂತೆ ಬೆರಳಿಗೆ ಸಿಕ್ಕಿತು. ಎರಡೂ ಬದಿಯ ಮಾಂಸ ಕರಗಿಹೋಗಿತ್ತು. ಬಾಯಿ ತೆರೆದುಕೊಂಡು ಗಂಟಲಿನ ಚರ್ಮವನ್ನು ಪಟಪಟ ಅಲುಗಿಸುತ್ತಿತ್ತು. ನೋಡಿದವರು ಅದು ಶಾಂತವಾಗಿದೆ ಎಂದುಕೊಂಡಿದ್ದರಂತೆ. ಮೇಡಂ, ಹೆದರಿಕೆ ಮಿತಿಮೀರಿದಾಗ ಗೂಬೆ ಕದಲದೆ ಕುಳಿತುಬಿಡುತ್ತದೆ. ಮಕ್ಕಳಿಗೆ ಅದು ಸಾಧುವಾಗಿ ಕಾಣುತ್ತದೆ.

ಕೇಶ್ವಾಪುರ 23:
ಎಲ್ಲದಕ್ಕೂ ಬೇಡ, ಬೇಡ ಎನ್ನುವುದೇ ಆಯಿತು. ಹಾವಾಡಿಗ ಹೋದ, ಕರಡಿ ಕುಣಿಸುವವನು ಹೋದ. ಈಗಿನ ಮಕ್ಕಳು ಪ್ರಾಣಿ ನೋಡುವುದು ಮೊಬೈಲಿನಲ್ಲಿ ಮಾತ್ರ. ಇದೇ ನಮ್ಮ ಭಾಗವನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ಗ್ರಂಥದಲ್ಲಿ ಗಿಡುಗ ಪಳಗಿಸುವುದಕ್ಕೆ ಶ್ಯೇನವಿನೋದ ಎಂಬ ಭಾಗವನ್ನೇ ಮೀಸಲಿಟ್ಟಿದ್ದಾನೆ. ನಮ್ಮದೇ ವಿದ್ಯೆ ಅದು. ಯುನೆಸ್ಕೊ 2010ರಲ್ಲಿ ಹಲವು ದೇಶಗಳ ಗಿಡುಗ ಸಾಕಣೆಯನ್ನು ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ನಾವು ಮಾತ್ರ ಅದನ್ನು ಅಪರಾಧ ಎನ್ನುತ್ತೇವೆ.

ಲಕ್ಕುಂಡಿಯ ಮೆಟ್ಟಿಲು:
ಕೇಶ್ವಾಪುರದವರೇ, ಶ್ಯೇನವಿನೋದ ಇರುವುದು ನಿಜ. ಹನ್ನೆರಡನೆಯ ಶತಮಾನದ ಗ್ರಂಥ, ಅದರ ಬಗ್ಗೆ ಹೆಮ್ಮೆ ನನಗೂ ಇದೆ. ಆದರೆ "ವಿನೋದ" ಎಂಬ ಪದವನ್ನು ಗಮನಿಸಿ. ಅದು ಅರಸನ ಬೇಟೆಯ ಆಟ. ಹಕ್ಕಿಯಿಂದ ಹಕ್ಕಿಯನ್ನು ಹಿಡಿಸುವುದು. ಊರಿನ ಮಕ್ಕಳಿಗೆ ಹಕ್ಕಿಯ ಬದುಕನ್ನು ತಿಳಿಸುವ ಉದ್ದೇಶ ಅದಕ್ಕೆ ಇರಲಿಲ್ಲ. ಸೋಮೇಶ್ವರನ ಕಾಲದಲ್ಲಿ ಲಕ್ಕುಂಡಿಯ ಸುತ್ತ ಎಷ್ಟು ಬಯಲಿತ್ತು, ಈಗ ಎಷ್ಟು ಉಳಿದಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆಳಗೇರಿ ದಂಡೆ:
ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಗಾಯಗೊಂಡ ಹಕ್ಕಿ ಸಿಕ್ಕಿ ಮನೆಗೆ ತಂದರೂ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. "ಇದು ವಿದೇಶಿ ಗೂಬೆ, ನಮ್ಮ ಕಾಯ್ದೆ ಇದಕ್ಕೆ ತಗುಲುವುದಿಲ್ಲ" ಎಂದು ಈಚೆಗೆ ಹೊಸ ರಾಗ ಎಳೆಯುತ್ತಾರೆ. ಅದೂ ನಡೆಯದು. 2022ರ ತಿದ್ದುಪಡಿಯ ನಂತರ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಗೂಬೆಗಳೆಲ್ಲವೂ ಆ ಪಟ್ಟಿಯಲ್ಲಿವೆ. ಮೇಡಂ, ಕಾಗದ ಕೇಳಿ. ಅಷ್ಟೇ ಸಾಕು.

ಬ್ಯಾಡಗಿಯ ಹೊಲ:
ಅಕ್ಕಾವರೇ, ನಾನು ಹೆಚ್ಚು ಓದಿದವನಲ್ಲ, ಹೊಲದ ಮಾತು ಹೇಳುತ್ತೇನೆ. ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಕಣಜಗೂಬೆಗಳಿವೆ. ಅಪ್ಪನ ಕಾಲದಿಂದಲೂ ಇವೆ. ಮುಖ ಬೆಳ್ಳಗೆ, ಹೃದಯದ ಆಕಾರ, ಕತ್ತಲಲ್ಲಿ ಕಂಡರೆ ಎಂಥವನಿಗೂ ಎದೆ ನಡುಗುತ್ತದೆ. ಕೂಗು ಅದಕ್ಕಿಂತ ಕೆಟ್ಟದ್ದು, ಹರಿದ ಬಟ್ಟೆಯನ್ನು ಯಾರೋ ಎಳೆದು ಸೀಳಿದಂತೆ. ಓಣಿಯವರು ಓಡಿಸಿ ಎಂದು ಗಂಟುಬಿದ್ದಿದ್ದರು. ಅಪ್ಪ ಒಪ್ಪಲಿಲ್ಲ. "ಲಕ್ಷ್ಮಿಯ ವಾಹನ ಮನೆಯಲ್ಲಿದೆ, ಓಡಿಸಿ ದರಿದ್ರ ತಂದುಕೊಳ್ಳಲೇ?" ಎನ್ನುತ್ತಿದ್ದರು. ನಂಬಿಕೆಗೆ ನಂಬಿಕೆಯನ್ನೇ ಎದುರು ನಿಲ್ಲಿಸಿದರು ನೋಡಿ.

ನಮ್ಮದು ಗೋವಿನಜೋಳ, ಶೇಂಗಾ, ಸ್ವಲ್ಪ ಮೆಣಸಿನಕಾಯಿ. ಇಲಿಯ ಕಾಟ ಹೇಳತೀರದು. ಒಂದು ವರ್ಷ ತಮ್ಮ ಇಲಿ ಪಾಷಾಣ ಇಟ್ಟ. ಇಲಿ ಸತ್ತವು, ಜೊತೆಗೆ ಒಂದು ಗೂಬೆಯೂ ಸತ್ತಿತು. ಅಂಗಳದಲ್ಲಿ ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಅವತ್ತಿನಿಂದ ಪಾಷಾಣ ಬಿಟ್ಟೆವು. ಹೊಲದಲ್ಲಿ ಟಿ ಆಕಾರದ ಗೂಟ ನೆಟ್ಟೆವು. ರಾತ್ರಿ ಗೂಬೆ ಕೂರುತ್ತದೆ, ಹಗಲು ಕಾಜಾಣ ಕೂರುತ್ತದೆ. ಬೇಕಾದರೆ ನಿಮ್ಮ ಮಕ್ಕಳನ್ನು ನಮ್ಮ ಮನೆಗೆ ಕರೆತನ್ನಿ. ಅಟ್ಟದ ಕೆಳಗೆ ಗೂಬೆ ಕಕ್ಕಿದ ಉಂಡೆಗಳು ಬುಟ್ಟಿಗಟ್ಟಲೆ ಬಿದ್ದಿವೆ.

ಗದಗಿನ ಪಶುವೈದ್ಯ:
ಬ್ಯಾಡಗಿಯ ಅಣ್ಣನವರೇ, ಲಾಟರಿ ಹೊಡೆದಂತಾಯಿತು! ಮೇಡಂ, ಆ ಉಂಡೆಗಳನ್ನು ತರಿಸಿಕೊಳ್ಳಿ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಅರಗುತ್ತದೆ. ಕೂದಲು, ಎಲುಬು ಉಂಡೆಯಾಗಿ ಬಾಯಿಯಿಂದಲೇ ಹೊರಬರುತ್ತವೆ. ಗಿಡುಗದ ಉಂಡೆಯಲ್ಲಿ ಎಲುಬು ಅಷ್ಟಾಗಿ ಸಿಗುವುದಿಲ್ಲ, ಅದರ ಹೊಟ್ಟೆಯ ಆಮ್ಲ ಬಲವಾದದ್ದು. ಗೂಬೆಯದರಲ್ಲಿ ತಲೆಬುರುಡೆ ಸಹ ಮುರಿಯದೆ ಸಿಗುತ್ತದೆ. ಜಾಗ್ರತೆ ಇಷ್ಟೇ: ಹಾಗೇ ಮಕ್ಕಳ ಕೈಗೆ ಕೊಡಬೇಡಿ. ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಅಡುಗೆಗೆ ಬಳಸದ ಹಳೆಯ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಆವಿಯಲ್ಲಿ ಇಡಿ. ಆಮೇಲೆ ಬಿಸಿನೀರಿನಲ್ಲಿ ನೆನೆಸಿ. ಕೈಗವಸು ಇರಲಿ, ಕೊನೆಗೆ ಸಾಬೂನು.

ಹಾನಗಲ್ಲಿನ ಮೊಮ್ಮಗಳು:
ಹಾಲಕ್ಕಿ ಅಪಶಕುನ ಎಂದು ಹುಡುಗ ಹೇಳಿದ್ದು ಓದಿ ನೋವಾಯಿತು. ನಮ್ಮ ಚಿಕ್ಕಂದಿನಲ್ಲಿ ಬುಡಬುಡಿಕೆಯವರು ಬೆಳಗಿನ ಜಾವ ಬಾಗಿಲ ಮುಂದೆ ನಿಂತು "ಹಾಲಕ್ಕಿ ನುಡಿಯುತ್ತಿದೆ, ಶುಭವಾಗುತ್ತದೆ" ಎಂದು ಸಾರುತ್ತಿದ್ದರು. ಅಜ್ಜಿ ಎದ್ದು ಮೊರದಲ್ಲಿ ಜೋಳ ತಂದು ಹಾಕುತ್ತಿದ್ದಳು. ಅದೇ ಹಕ್ಕಿ, ಅದೇ ಕೂಗು, ಅದು ಒಳ್ಳೆಯ ಸುದ್ದಿ ತರುತ್ತದೆ ಎಂದು ನಾವು ನಂಬಿದ್ದೆವು. ಮೇಡಂ, ಆ ಹುಡುಗನಿಗೆ ಇದನ್ನು ಹೇಳಿ ನೋಡಿ. ಊರಿನಲ್ಲಿ ಬುಡಬುಡಿಕೆಯ ಹಿರಿಯರು ಇದ್ದರೆ ಅವರನ್ನೇ ಶಾಲೆಗೆ ಕರೆಯಿರಿ.

ಕೇಶ್ವಾಪುರ 23:
ಗೂಬೆಯ ಮಾತು ಬಿಡಿ. ಗರುಡನನ್ನಾದರೂ ಮಕ್ಕಳು ಹತ್ತಿರದಿಂದ ನೋಡಬೇಡವೇ? ಫೋನ್ ಮಾಡಿದವರು ತರುವ ಹದ್ದು ಗರುಡನೇ ತಾನೇ?

ಕೆಳಗೇರಿ ದಂಡೆ:
ಅಲ್ಲ. ಊರಿನ ಮೇಲೆ ಸುತ್ತುವ ಕಂದು ಬಣ್ಣದ, ಬಾಲ ಕವಲೊಡೆದ ಹಕ್ಕಿ ಹದ್ದು. ಇಟ್ಟಿಗೆಗೆಂಪು ಮೈ, ಬಿಳಿಯ ತಲೆ ಎದೆ ಇರುವುದು ಗರುಡ. ಅದರ ಬಾಲದ ತುದಿ ದುಂಡಗೆ. ಉಣಕಲ್ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಎರಡನ್ನೂ ಪುಕ್ಕಟೆ ನೋಡಬಹುದು, ಯಾರ ಕಾಲಿಗೂ ಹಗ್ಗ ಇರುವುದಿಲ್ಲ.

ಉಣಕಲ್ ನಡಿಗೆ:
ಹದ್ದಿನ ವಿಷಯಕ್ಕೆ ನನ್ನದೊಂದು. ಕಳೆದ ಕಾರಹುಣ್ಣಿಮೆಯ ಸಮಯ, ಹುಬ್ಬಳ್ಳಿಯ ಆಕಾಶದ ತುಂಬ ಗಾಳಿಪಟ. ಮರುದಿನ ಬೆಳಿಗ್ಗೆ ನಮ್ಮ ಓಣಿಯ ಬೇವಿನ ಮರದಲ್ಲಿ ಹದ್ದೊಂದು ತಲೆಕೆಳಗಾಗಿ ಜೋತಾಡುತ್ತಿತ್ತು. ಗಾಳಿಪಟದ ನೈಲಾನ್ ಮಾಂಜಾ ದಾರ ರೆಕ್ಕೆಯ ಸಂಧಿಗೆ ಸುತ್ತಿಕೊಂಡಿತ್ತು. ಎಳೆದಷ್ಟೂ ಒಳಗೆ ಇಳಿಯುತ್ತಿತ್ತು. ಏಣಿ ಹಾಕಿ ಇಳಿಸಿದೆವು. ದಾರ ಚರ್ಮ ದಾಟಿ ನರಕ್ಕೆ ಹೋಗಿತ್ತು. ಅರಣ್ಯ ಇಲಾಖೆಯವರು ಬಂದು ತೆಗೆದುಕೊಂಡು ಹೋದರು, ಮೂರನೆಯ ದಿನ ಸತ್ತುಹೋಯಿತು. ಈ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಅಂಗಡಿಯಲ್ಲಿ ಕೇಳಿದರೆ ಕೆಳಗಿನಿಂದ ತೆಗೆದು ಕೊಡುತ್ತಾರೆ. ಶಾಲೆಗಳಲ್ಲಿ ಹದ್ದು ಕೂರಿಸಿ ಫೋಟೋ ತೆಗೆಯುವ ಬದಲು ಈ ದಾರದ ಒಂದು ತುಂಡನ್ನು ತೋರಿಸಿ. ನಾನು ಸತ್ತ ಹಕ್ಕಿಯ ರೆಕ್ಕೆಯಿಂದ ಬಿಡಿಸಿದ್ದನ್ನು ಬಾಟಲಿಯಲ್ಲಿ ಇಟ್ಟಿದ್ದೇನೆ. ಬೇಕಾದರೆ ಕೊಡುತ್ತೇನೆ.

ಗದಗಿನ ಪಶುವೈದ್ಯ:
ಉಣಕಲ್ಲಿನವರ ಬರಹ ಓದಿದವರಿಗೆ ಒಂದು ಮಾತು. ಇಂಥ ಹಕ್ಕಿ ಸಿಕ್ಕರೆ ಮೊದಲು ಅದರ ತಲೆಯ ಮೇಲೆ ಬಟ್ಟೆ ಹಾಕಿ. ಕತ್ತಲಾದರೆ ಶಾಂತವಾಗುತ್ತದೆ. ಕೊಕ್ಕಿಗಿಂತ ಕಾಲಿಗೆ ಹೆದರಿ, ಉಗುರು ನಾಟಿದರೆ ಬಿಡಿಸುವುದು ಕಷ್ಟ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಹಾಲು, ಅನ್ನ, ಬ್ರೆಡ್ ಬೇಡವೇ ಬೇಡ. ಸುತ್ತಿಕೊಂಡ ದಾರವನ್ನು ಎಳೆಯದೆ, ಮರದ ಕಡೆಯಿಂದ ಕತ್ತರಿಸಿ ಹಾಗೇ ತನ್ನಿ.

ಮುಂಡರಗಿ ಗಾಳಿ:
ದಾರದ ಮಾತಾಡುತ್ತೀರಿ, ಗಾಳಿಯಂತ್ರದ ಮಾತು ಯಾರೂ ಆಡುವುದಿಲ್ಲ. ನಮ್ಮ ಕಪ್ಪತಗುಡ್ಡದ ಸುತ್ತ ಎಷ್ಟು ಗಾಳಿಯಂತ್ರ ನಿಂತಿವೆ ಎಂದು ಬಂದು ನೋಡಿ. ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರ ಇರುವ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ಅವು ತಿನ್ನಬೇಕಾದ ಓತಿಗಳು ಹೆಚ್ಚು. ಮೇಲಿನವನು ಹೋದರೆ ಕೆಳಗಿನ ಲೆಕ್ಕವೆಲ್ಲ ತಪ್ಪುತ್ತದೆ.

ನವನಗರದ ನಿವಾಸಿ:
ಹಾಗಾದರೆ ಕಲ್ಲಿದ್ದಲು ಸುಡೋಣವೇ? ಅದರ ಹೊಗೆ ಯಾವ ಹಕ್ಕಿಗೆ ಒಳ್ಳೆಯದು?

ಮುಂಡರಗಿ ಗಾಳಿ:
ಯಂತ್ರ ಬೇಡ ಎಂದಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಹಕ್ಕಿ ಬಲ್ಲವರನ್ನು ಕೇಳಿ ನಿಲ್ಲಿಸಿ ಎನ್ನುತ್ತಿದ್ದೇನೆ.

ನಿರ್ವಾಹಕ:
ಗಾಳಿಯಂತ್ರಕ್ಕೆ ಬೇರೆ ಚರ್ಚೆ ತೆರೆಯಿರಿ, ಅದು ಆಗಬೇಕಾದ ಚರ್ಚೆಯೇ. ಇಲ್ಲಿ ಮೇಡಂ ಅವರ ಪ್ರಶ್ನೆಗೆ ಬನ್ನಿ.

ಹಳೆ ಹುಬ್ಬಳ್ಳಿಯ ಕಾಕಾ:
ನನಗೆ ಎಪ್ಪತ್ತು ದಾಟಿದೆ. ನಮ್ಮ ಕಾಲದಲ್ಲಿ ಸತ್ತ ದನವನ್ನು ಊರ ಹೊರಗೆ ಎಳೆದು ಹಾಕಿದರೆ ಸಂಜೆಯೊಳಗೆ ರಣಹದ್ದುಗಳು ಎಲುಬು ಮಾತ್ರ ಉಳಿಸುತ್ತಿದ್ದವು. ನಾವು ಹುಡುಗರು ಮೂಗು ಮುಚ್ಚಿಕೊಂಡು ದೂರ ನಿಂತು ಎಣಿಸುತ್ತಿದ್ದೆವು, ಎಣಿಸಿ ಮುಗಿಯುತ್ತಿರಲಿಲ್ಲ. ದನಕ್ಕೆ ಕೊಡುವ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಅವುಗಳ ಮೂತ್ರಪಿಂಡ ಕೆಡಿಸಿ ಕೊಂದಿತು ಎಂದು ಮುಂದೆ ತಿಳಿಯಿತು. 2006ರಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ರಣಹದ್ದು ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟದಂಥ ಜಾಗಕ್ಕೆ ಹೋಗಬೇಕು, ಅಲ್ಲಿಯೂ ಬೆರಳೆಣಿಕೆಯಷ್ಟು. ಮೊಮ್ಮಗನಿಗೆ ಹೇಳಿದರೆ ಕಥೆ ಎಂದುಕೊಳ್ಳುತ್ತಾನೆ. ತಾಯಿ, ನಿಮ್ಮ ಶಾಲೆಯ ಆ ಇನ್ನೊಂದು ಹಾಲಕ್ಕಿಯನ್ನು ಉಳಿಸಿಕೊಳ್ಳಿ.

ನವನಗರದ ನಿವಾಸಿ:
ಇಷ್ಟೆಲ್ಲ ಓದಿದ ಮೇಲೆ ಮೂವತ್ತು ರೂಪಾಯಿಯ ಕಾರ್ಯಕ್ರಮ ಬೇಡ ಎಂದು ನಾನೂ ಒಪ್ಪುತ್ತೇನೆ. ಆದರೆ ನನ್ನ ವಾದ ಪೂರ್ತಿ ಬಿಡುವುದಿಲ್ಲ. ಮಾಂಜಾಕ್ಕೆ ಸಿಕ್ಕಿ ರೆಕ್ಕೆ ಕಳೆದುಕೊಂಡ, ಮತ್ತೆಂದೂ ಹಾರದ ಹಕ್ಕಿಗಳು ನಮ್ಮಲ್ಲೂ ಇವೆ. ಸರ್ಕಾರದ ಒಪ್ಪಿಗೆ, ವೈದ್ಯರ ನಿಗಾ, ತರಬೇತಿ ಪಡೆದವರ ಕೈ, ಇಷ್ಟನ್ನೂ ಇಟ್ಟುಕೊಂಡು ಅಂಥ ಒಂದು ಹಕ್ಕಿಯನ್ನು ಹತ್ತು ಅಡಿ ದೂರದಿಂದ ಮಕ್ಕಳಿಗೆ ತೋರಿಸುವ ದಾರಿ ಏಕಿರಬಾರದು? ಹೇಗಿದ್ದರೂ ಅದು ಜೀವನಪೂರ್ತಿ ಪಂಜರದಲ್ಲೇ ಇರುತ್ತದೆ.

ಗದಗಿನ ಪಶುವೈದ್ಯ:
ನಿಮ್ಮ ಮಾತಿನಲ್ಲಿ ಅರ್ಧಕ್ಕೆ ಒಪ್ಪುತ್ತೇನೆ. ಪಂಜರದಲ್ಲಿ ಇರುವುದು ಬೇರೆ, ಐವತ್ತು ಮಕ್ಕಳ ಗದ್ದಲದಲ್ಲಿ ಕೂರುವುದು ಬೇರೆ. ಕಾಡಿನಲ್ಲಿ ಬೆಳೆದ ಹದ್ದಿಗೆ ಮನುಷ್ಯ ಎಂದರೆ ಸಾವು. ಮರಿಯಿಂದಲೇ ಮನುಷ್ಯರು ಸಾಕಿದ ಹಕ್ಕಿಗಾದರೆ ಆ ಭಯವಿಲ್ಲ, ಆದರೆ ಅದು ಮನುಷ್ಯರನ್ನೇ ತನ್ನ ಕುಲ ಎಂದು ನಂಬಿ, ತನ್ನ ಜಾತಿಯ ಹಕ್ಕಿಯೊಡನೆ ಬಾಳಲಾರದೆ ಹೋಗುತ್ತದೆ. ಹಕ್ಕಿಯ ಸ್ವಭಾವ ನೋಡಿ, ಒಂದೊಂದಕ್ಕೂ ತೀರ್ಮಾನ ಮಾಡುವ ಜನ ಮೊದಲು ತಯಾರಾಗಬೇಕು. ಅಂಥ ಕೇಂದ್ರ ನಮ್ಮ ಭಾಗದಲ್ಲಿ ಆದರೆ ನಾನೇ ಮೊದಲು ಬಂದು ಕೆಲಸ ಮಾಡುತ್ತೇನೆ. ಅಲ್ಲಿಯವರೆಗೆ ಬೇಡ.

ರಾಣೆಬೆನ್ನೂರು ಬಯಲು:
ಮಕ್ಕಳಿಗೆ ಬೇಟೆ ಹಕ್ಕಿ ತೋರಿಸಲು ಫೆಬ್ರುವರಿಗಿಂತ ಒಳ್ಳೆಯ ಕಾಲ ಉಂಟೇ? ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಈಗ ನಮ್ಮ ಹೊಲಗಳ ಮೇಲೆಯೇ ಇವೆ. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದು ಬೇಸಿಗೆಗೆ ಮೊದಲು ಹಿಂತಿರುಗುತ್ತವೆ. ಕಡಲೆ ಹೊಲದ ಮೇಲೆ ಆಳೆತ್ತರದಲ್ಲಿ ತೇಲುತ್ತ, ರೆಕ್ಕೆಯನ್ನು ವಿ ಆಕಾರಕ್ಕೆ ಎತ್ತಿ ಮಿಡತೆ ಹುಡುಕುತ್ತವೆ. ಸಂಜೆಯಾದರೆ ಮರ ಹತ್ತುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಗಾಯರಾಣವೆಲ್ಲ (ದನ ಮೇಯುವ ಗೋಮಾಳ) ಉಳುಮೆಯಾಗಿ, ಉಳಿದದ್ದಕ್ಕೆ ನೀಲಗಿರಿ ನೆಟ್ಟ ಮೇಲೆ ಅವುಗಳಿಗೆ ಮಲಗಲು ಜಾಗ ಸಿಗುತ್ತಿಲ್ಲ. ಇದನ್ನು ಕೇಳುವವರೇ ಇಲ್ಲ.

ಬಸ್ಸು ಸಿಗುವುದಾದರೆ ಲಕ್ಷ್ಮೇಶ್ವರ ದಾಟಿ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಪಟ್ಟೆತಲೆ ಹೆಬ್ಬಾತುಗಳ ಹಿಂಡು ಒಮ್ಮೆಲೇ ಏಕೆ ಮೇಲೇಳುತ್ತದೆ ಎಂದು ಮಕ್ಕಳಿಗೆ ಕೇಳಿ. ಅವರೇ ಆಕಾಶದಲ್ಲಿ ಕಾರಣ ಹುಡುಕುತ್ತಾರೆ.

ಕುಂದಗೋಳದ ವಿಜ್ಞಾನ ಶಿಕ್ಷಕಿ:
ಎಲ್ಲರಿಗೂ ಕೈಮುಗಿಯುತ್ತೇನೆ. ಇವತ್ತು ಅವರಿಗೆ ಫೋನ್ ಮಾಡಿ ಹಕ್ಕಿಗಳ ಕಾಗದಪತ್ರ ಕೇಳಿದೆ. "ಇದುವರೆಗೆ ಯಾವ ಶಾಲೆಯವರೂ ಕೇಳಿಲ್ಲ ಟೀಚರ್" ಎಂದರು. ನಾನು ಕೇಳುತ್ತಿದ್ದೇನೆ ಎಂದೆ. ಗೂಬೆ ಬೇಡವಾದರೆ ಹದ್ದು ಮಾತ್ರ ತರುತ್ತೇವೆ ಎಂದರು. ಬೇಡ ಎಂದು ಹೇಳಿ, ಅವರ ನಂಬರನ್ನು ವಲಯ ಅರಣ್ಯ ಕಚೇರಿಗೆ ಕೊಟ್ಟಿದ್ದೇನೆ. ಎಸ್‌ಡಿಎಂಸಿಯ ಹಿರಿಯರೊಬ್ಬರು ಮುನಿಸಿಕೊಂಡಿದ್ದಾರೆ. ಬ್ಯಾಡಗಿಯ ಅಣ್ಣನವರೇ, ಭಾನುವಾರ ಬರುತ್ತೇನೆ.

ಬ್ಯಾಡಗಿಯ ಹೊಲ:
ಬನ್ನಿ ಅಕ್ಕಾವರೇ. ಊಟ ನಮ್ಮಲ್ಲೇ.

ಕುಂದಗೋಳದ ವಿಜ್ಞಾನ ಶಿಕ್ಷಕಿ:
ವಿಜ್ಞಾನ ದಿನ ಮುಗಿಯಿತು. ನಡೆದದ್ದನ್ನು ಬರೆಯದಿದ್ದರೆ ನಿಮಗೆಲ್ಲ ಅನ್ಯಾಯ ಮಾಡಿದಂತೆ.

ಬ್ಯಾಡಗಿಯಿಂದ ನಲವತ್ತು ಉಂಡೆ ತಂದೆ. ಹೇಳಿದಂತೆಯೇ ಆವಿಯಲ್ಲಿಟ್ಟು, ಇಬ್ಬರಿಗೆ ಒಂದರಂತೆ ಹಂಚಿದೆ. ಹಳೆಯ ದಿನಪತ್ರಿಕೆ, ಹಲ್ಲುಕಡ್ಡಿ, ಹೆಬ್ಬೆರಳಿನಷ್ಟು ಗಾತ್ರದ ಕರಿಯ ಉಂಡೆ. ಮೊದಲು ಮೂಗು ಮುಚ್ಚಿಕೊಂಡರು. ಐದು ನಿಮಿಷಕ್ಕೆ ತರಗತಿಯಲ್ಲಿ ಮಾತೇ ಇಲ್ಲ. ಬೂದು ಕೂದಲಿನ ಮುದ್ದೆಯೊಳಗಿಂದ ಮೊದಲು ಬಂದದ್ದು ಒಂದು ದವಡೆ, ಅದರ ಮುಂದಿನ ಎರಡು ಹಲ್ಲು ಕಿತ್ತಳೆ ಬಣ್ಣದ್ದು. ಆಮೇಲೆ ಬುರುಡೆ, ಸೂಜಿಯಂಥ ಪಕ್ಕೆಲುಬು, ಸಾಸಿವೆಯಷ್ಟು ಬೆನ್ನೆಲುಬಿನ ಮಣಿ. ಹುಡುಗಿಯೊಬ್ಬಳು ಮೂಳೆಗಳನ್ನು ಸಾಲಾಗಿ ಜೋಡಿಸಿ ಇಡೀ ಇಲಿಯನ್ನೇ ಕಟ್ಟಿದಳು. ಒಂದೇ ಉಂಡೆಯಲ್ಲಿ ನಾಲ್ಕು ಬುರುಡೆ ಸಿಕ್ಕವರೂ ಇದ್ದರು. ಒಂದು ಇಲಿ ಒಂದು ರಾತ್ರಿಗೆ ಎಷ್ಟು ಶೇಂಗಾ ತಿನ್ನುತ್ತದೆ ಎಂದು ಲೆಕ್ಕ ಹಾಕಲು ಶುರುಮಾಡಿದ್ದು ನಾನಲ್ಲ, ರೈತರ ಮಕ್ಕಳೇ. ಗೂಬೆಯ ಕಣ್ಣು ಗುಳಿಯಲ್ಲಿ ತಿರುಗುವುದಿಲ್ಲ, ಅದಕ್ಕೇ ಕುತ್ತಿಗೆಯಲ್ಲಿ ನಮ್ಮ ಏಳರ ಬದಲು ಹದಿನಾಲ್ಕು ಮಣಿ ಇವೆ ಎಂದಾಗ ಎಲ್ಲರೂ ತಮ್ಮ ತಮ್ಮ ಕತ್ತು ತಿರುಗಿಸಿ ನೋಡಿಕೊಂಡರು. ಉಣಕಲ್ಲಿನವರು ಕಳಿಸಿದ ಬಾಟಲಿಯನ್ನೂ ಕೈಯಿಂದ ಕೈಗೆ ದಾಟಿಸಿದೆವು. ಅದನ್ನು ಹಿಡಿದಾಗ ಯಾರೂ ಮಾತಾಡಲಿಲ್ಲ.

ಹಾಲಕ್ಕಿ ಕೊಂದ ಹುಡುಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಉಂಡೆ ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅವನ ಅಜ್ಜಿ ಜನವರಿಯಲ್ಲಿ ತೀರಿಕೊಂಡರು. ಹಾಗಾಗಿ ಬುಡಬುಡಿಕೆಯ ಮಾತನ್ನು ಅವನ ಮುಂದೆ ಎತ್ತುವ ಧೈರ್ಯ ನನಗೆ ಬಂದಿಲ್ಲ. ನಾಲ್ಕು ದಿನ ಬಿಟ್ಟು, ನಿನ್ನೆ, ಒಂದು ಬೆಂಕಿಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಒಳಗೆ ಪುಡಿಪುಡಿಯಾದ ಕರಿಯ ಚೂರು, ಹೊಳೆಯುವ ಹಸಿರು ಚಕ್ಕೆ. "ಹುಣಸೆ ಮರದ ಬುಡದಲ್ಲಿ ಸಿಕ್ಕಿತು ಟೀಚರ್. ಇದರಲ್ಲಿ ಎಲುಬು ಇಲ್ಲ, ಏಕೆ?" ಎಂದು ಕೇಳಿದ. ನನಗೂ ಗೊತ್ತಿಲ್ಲ. ಡಾಕ್ಟರೇ, ಏನು ಹೇಳಲಿ?

ಗದಗಿನ ಪಶುವೈದ್ಯ:
ಹಸಿರು ಚಕ್ಕೆ ಜೀರುಂಡೆಯ ರೆಕ್ಕೆಯ ಕವಚ. ಹಾಲಕ್ಕಿ ಹೆಚ್ಚಾಗಿ ಹುಳುಹುಪ್ಪಟೆಯನ್ನೇ ತಿನ್ನುತ್ತದೆ, ಅದಕ್ಕೇ ಅದರ ಉಂಡೆ ಕೈಯಲ್ಲಿ ನಿಲ್ಲದೆ ಉದುರುತ್ತದೆ. ಉಂಡೆ ಹಸಿಯಾಗಿದ್ದರೆ ಹಕ್ಕಿ ಇನ್ನೂ ಆ ಮರದಲ್ಲೇ ಇದೆ ಎಂದು ಅರ್ಥ. ಹುಡುಗನಿಗೆ ಹೇಳಿ, ಸಂಜೆ ಆರೂವರೆಗೆ ಮರದಿಂದ ಇಪ್ಪತ್ತು ಹೆಜ್ಜೆ ದೂರ ಕುಳಿತು ಪೊಟರೆಯ ಬಾಯಿಯನ್ನು ನೋಡಲಿ. ಒಂದು ಹೊರಬರುತ್ತದೆಯೋ ಎರಡೋ ಎಂದು ಎಣಿಸಿ ಬರೆದಿಡಲಿ. ಟಾರ್ಚ್ ಬೇಡ.

ಬ್ಯಾಡಗಿಯ ಹೊಲ:
ಅಕ್ಕಾವರೇ, ಅವನನ್ನು ಒಂದು ಭಾನುವಾರ ನಮ್ಮಲ್ಲಿಗೆ ಕಳಿಸಿ. ಅಟ್ಟದಲ್ಲಿ ಮರಿಗಳಾಗಿವೆ.